ಭಾವನ ಮೂರಡಿ ಕರುಳು

ನಮ್ಮ ಭಾವ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವರು. ಅವರ ಕಣ್ಣಿಗೆ ಉಳಿದವರೆಲ್ಲ ಹುಲ್ಲುಕಡ್ಡಿ. ಅಕ್ಕ ಬಾಯಿ ತೆರೆದರೆ ಮುಚ್ಚಿಸುತ್ತಿದ್ದರು. ನಾನು ದರ್ಜಿ, ನನ್ನನ್ನು ಕತ್ತರಿ ಎಂದೇ ಕರೆಯುತ್ತಿದ್ದರು. ನನಗೂ ಅವರೆಂದರೆ ಅಷ್ಟಕ್ಕಷ್ಟೇ. ಅಕ್ಕನ ಮುಖ ನೋಡಿಕೊಂಡು ಅವರ ಪ್ಯಾಂಟು ಹೊಲಿದುಕೊಡುತ್ತಿದ್ದೆ.

ಅರವತ್ತೊಂದನೇ ವಯಸ್ಸಿಗೆ ಕರುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತು. ಕಪ್ಪಾಗಿ ಸತ್ತುಹೋದ ಕರುಳನ್ನೆಲ್ಲ ಡಾಕ್ಟರು ಕತ್ತರಿಸಿ ತೆಗೆದರು. ಸಣ್ಣ ಕರುಳಿನಲ್ಲಿ ಉಳಿದದ್ದು ಮೇಲಿನ ಮೂರಡಿ. ಅದರ ತುದಿಯನ್ನು ಹೊಟ್ಟೆಯ ಮೇಲೆ ತೂತು ಮಾಡಿ ಹೊರತಂದು, ಅಲ್ಲಿಗೊಂದು ಚೀಲ ಅಂಟಿಸಿದರು. ತಿಂದದ್ದು, ಕುಡಿದದ್ದು ಮೈಗೆ ಹತ್ತುವ ಮೊದಲೇ ಚೀಲಕ್ಕೆ ಬಂದು ಬೀಳುತ್ತಿತ್ತು.

ಮನೆಗೆ ಕಳಿಸುವ ದಿನ ವಾರ್ಡಿನ ಸಿಸ್ಟರ್ ಒಂದು ಪುಡಿಯ ಡಬ್ಬಿ, ಅಳತೆ ಚಮಚ ಕೊಟ್ಟರು. ಬಾಯಾರಿದರೆ ಬರೀ ನೀರು ಕುಡಿಯಬಾರದು, ಈ ಉಪ್ಪು ಸಕ್ಕರೆಯ ಪುಡಿ ಕಲಸಿದ ನೀರನ್ನೇ ಗುಟುಕು ಗುಟುಕಾಗಿ ಕುಡಿಯಬೇಕು ಎಂದರು. ಭಾವ ತುಟಿ ಓರೆ ಮಾಡಿ ನಕ್ಕರು.

"ನೀರು ಹೀರೋದು ದೊಡ್ಡ ಕರುಳಮ್ಮಾ. ಅದು ನನಗೆ ಇನ್ನೂ ಇದೆ."

"ಇದೆ ಮೇಷ್ಟ್ರೇ, ಆದರೆ ಈಗ ಅದಕ್ಕೆ ಏನೂ ತಲುಪಲ್ಲ. ಅದೂ ಅಲ್ಲದೆ ಹೆಚ್ಚಿನ ನೀರು ಹೀರೋದು ಸಣ್ಣ ಕರುಳೇ. ಉಪ್ಪು, ಸಕ್ಕರೆ ಜೊತೆಯಾಗಿ ಒಳಗೆ ಹೋದರೆ ಅವುಗಳ ಹಿಂದೆ ನೀರೂ ಹೋಗುತ್ತೆ. ಉಳಿದಿರೋ ಈ ತುಂಡಿಗೆ ಬರೀ ನೀರು ಬಿದ್ದರೆ, ಅದು ಮೈಯಲ್ಲಿರೋ ಉಪ್ಪನ್ನೂ ಎಳ್ಕೊಂಡು ಹೊರಗೆ ಬರುತ್ತೆ."

ಮೂವತ್ತು ವರ್ಷ ತಪ್ಪು ಪಾಠ ಹೇಳಿದ ಮನುಷ್ಯ, ಗಾಡಿಯಲ್ಲಿ ದಾರಿಯುದ್ದಕ್ಕೂ ಆ ಹೆಣ್ಣುಮಗಳ ಓದನ್ನು ಆಡಿಕೊಂಡರು.

ಮನೆಯಲ್ಲಿ ಅಕ್ಕ ಕಲಸಿಟ್ಟ ನೀರನ್ನು ಬಚ್ಚಲಿಗೆ ಸುರಿದು, ಚೊಂಬುಗಟ್ಟಲೆ ತಣ್ಣೀರು ಕುಡಿದರು. ಕುಡಿದಷ್ಟೂ ಚೀಲ ತುಂಬಿತು, ತುಂಬಿದಷ್ಟೂ ಬಾಯಾರಿತು. ಒಳಗೆಲ್ಲ ಚೆನ್ನಾಗಿ ತೊಳೆದು ಬರ್ತಿದೆ ಎಂದು ನನ್ನೆದುರಿಗೇ ಹೆಮ್ಮೆಪಟ್ಟರು. ನಾಲ್ಕನೇ ದಿನಕ್ಕೆ ನಾಲಿಗೆ ಚಪ್ಪಲಿ ಚರ್ಮದಂತಾಯಿತು, ಮೀನಖಂಡ ಹಿಡಿದುಕೊಂಡಿತು, ಮೂತ್ರ ನಿಂತೇಹೋಯಿತು. ಅಷ್ಟಾದರೂ ಇನ್ನೊಂದು ಚೊಂಬು ತಾ ಎನ್ನುತ್ತಲೇ ಕುಸಿದುಬಿದ್ದರು.

ನಾನೇ ಎತ್ತಿಕೊಂಡು ಓಡಿದೆ. ಬಟ್ಟೆಯ ಗಂಟಿನಷ್ಟೂ ಭಾರವಿರಲಿಲ್ಲ. ಅಯ್ಯೋ ಪಾಪ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ.

ನರಕ್ಕೆ ಉಪ್ಪುನೀರಿನ ಬಾಟಲಿ ಏರಿಸಿದ ಮೇಲೆ ಕಣ್ಣುಬಿಟ್ಟರು. ಬರೀ ನೀರು ಎಷ್ಟು ಕುಡಿದಿರಿ ಎಂದು ಸಿಸ್ಟರ್ ಕೇಳಿದಾಗ, ಒಂದೆರಡು ಗುಟುಕು ಅಷ್ಟೇ ಎಂದರು.

"ಸುಳ್ಳು," ಎಂದಳು ಅಕ್ಕ. "ದಿನಕ್ಕೆ ಹತ್ತು ಚೊಂಬು. ಕಲಸಿದ್ದನ್ನೆಲ್ಲ ಬಚ್ಚಲಿಗೆ ಸುರಿದ್ರು. ನಾನು ಕಂಡೂ ಸುಮ್ಮನಿದ್ದೆ ಸಿಸ್ಟರ್. ಹೇಳಿ ಬೈಸ್ಕೊಂಡು ಬೈಸ್ಕೊಂಡು ಸಾಕಾಗಿತ್ತು."

ಭಾವ ಗೋಡೆಯ ಕಡೆ ತಿರುಗಿದರು. ಅದೂ ಎರಡು ದಿನದ ಮಟ್ಟಿಗೆ. ಮೂರನೆಯ ದಿನ ಲೋಟ ಹಿಡಿದು, ಮೂಗು ಮುರಿಯುತ್ತಲೇ ಆ ನೀರನ್ನು ಹೀರತೊಡಗಿದರು. ಪಕ್ಕದ ಹಾಸಿಗೆಯವನು ಅದೇನೆಂದು ಕೇಳಿದ್ದೇ ತಡ, ಪಾಠ ಶುರುವಾಯಿತು: ಹೆಚ್ಚಿನ ನೀರು ಹೀರುವುದು ಸಣ್ಣ ಕರುಳಂತೆ, ಉಪ್ಪು ಸಕ್ಕರೆ ಜೊತೆಗಿರಬೇಕಂತೆ, ಈ ಆಸ್ಪತ್ರೆಯವರಿಗೂ ಅದು ಸರಿಯಾಗಿ ಗೊತ್ತಿಲ್ಲವಂತೆ. ಸಿಸ್ಟರ್ ಅಲ್ಲೇ ಚೀಲ ಬದಲಿಸುತ್ತಿದ್ದರು.

ಅಕ್ಕ ಎದ್ದು ಕೆಳಗಿನ ಕ್ಯಾಂಟೀನಿಗೆ ನಡೆದಳು. ನಾನೂ ಹಿಂದೆಯೇ ಹೋದೆ. ನಾಳೆಯಿಂದ ಪುಡಿ ಅವರೇ ಕಲಸಿಕೊಳ್ಳಲಿ ಎಂದಳು. ಆಮೇಲೆ ತಟ್ಟೆ ತುಂಬ ಅನ್ನ ಉಂಡು, ಇನ್ನಷ್ಟು ಹಾಕಿಸಿಕೊಂಡಳು.