ಪೆನ್ಸಿಲ್ ಗಗನಾಳ ಕೈಯಲ್ಲೇ ಇರಲಿ

ನೈರೋಬಿಯಲ್ಲಿ ನಾಲ್ಕು ಕನ್ನಡದ ಮನೆಯವರು ಊಟಕ್ಕೆ ಸೇರಿದರೆ ಮೊದಲು ಟ್ರಾಫಿಕ್ಕಿನ ಮಾತು, ಆಮೇಲೆ ಕರೆಂಟ್ ಹೋದ ಮಾತು. ಪಾಯಸ ಬರುವ ಹೊತ್ತಿಗೆ ಮಕ್ಕಳ ಮಾರ್ಕ್ಸಿನ ಮಾತು. ಪಾಪ, ಆ ಮಕ್ಕಳು ಅಲ್ಲೇ ಬಡಿಸುತ್ತಾ ಓಡಾಡಿಕೊಂಡಿರುತ್ತವೆ.

೨೦೦೯ರ ಒಂದು ಶನಿವಾರ ವೆಸ್ಟ್‌ಲ್ಯಾಂಡ್ಸಿನ ಗಿರಿಜಾ ಅವರ ಮನೆಯಲ್ಲೂ ಹಾಗೇ ಆಯಿತು. ಗಿರಿಜಾ ಅವರ ಯಜಮಾನರು ಬಾಲಕೃಷ್ಣ, ಒಂದು ಔಷಧಿ ಕಾರ್ಖಾನೆಯಲ್ಲಿ ಎಂಜಿನಿಯರ್. ಒಬ್ಬಳೇ ಮಗಳು ಗಗನಾ. ಹದಿನಾಲ್ಕು ವರ್ಷ. ಅವತ್ತು ಹಪ್ಪಳ ಹಂಚುವ ಕೆಲಸ ಅವಳದ್ದು.

"ನಮ್ ಗಗನಾಗೆ ಲೆಕ್ಕ ಅಂದ್ರೆ ತಲೆಗೇ ಹತ್ತಲ್ಲ ಕಣ್ರೀ. ಥೇಟ್ ನನ್ ಹಾಗೇನೇ. ಅವರಪ್ಪನ ತಲೆ ಬರ್ಲೇ ಇಲ್ಲ" ಎಂದು ಗಿರಿಜಾ ನಕ್ಕರು. ಎಲ್ಲರೂ ನಕ್ಕರು. ಗಗನಾ ಹಪ್ಪಳದ ತಟ್ಟೆಯನ್ನು ಮೇಜಿನ ಮೇಲಿಟ್ಟು ತನ್ನ ರೂಮಿಗೆ ಹೋದಳು.

ನಗದೆ ಕೂತಿದ್ದವರು ಒಬ್ಬರೇ, ಸಿಲ್ವಿಯಾ ಟೀಚರ್. ಮಂಗಳೂರು ಕಡೆಯವರು. ಹರ್ಲಿಂಗ್‌ಹ್ಯಾಮಿನಲ್ಲಿ ಮನೆ. ಈ ಊರಿನಲ್ಲೇ ಲೆಕ್ಕದ ಪಾಠ ಮಾಡುತ್ತಾ ಅವರ ಕೂದಲು ಬೆಳ್ಳಗಾಗಿದೆ.

"ಅವಳಿಗೆ ಕೇಳಿತು ಗಿರಿಜಾ" ಎಂದರು.

"ಅಯ್ಯೋ, ಅವಳಿಗೆಲ್ಲಿ ಟೀಚರ್! ನಾವು ಕನ್ನಡದಲ್ಲಿ ಏನ್ ಹೇಳಿದ್ರೂ ಇಂಗ್ಲಿಷಲ್ಲೇ ಉತ್ತರ. ನಮ್ ಮಾತು ಕಿವಿಗೇ ಹಾಕ್ಕೊಳಲ್ಲ."

ಗಿರಿಜಾ ಕೆಟ್ಟವರಲ್ಲ. ಮಗಳು ಎಂದರೆ ಜೀವ. 'ನನಗೂ ಬರುತ್ತಿರಲಿಲ್ಲ, ನೀನೊಬ್ಬಳೇ ಅಲ್ಲ ಪುಟ್ಟಿ' ಎಂದು ಸಮಾಧಾನ ಹೇಳುವುದೇ ಅವರ ಉದ್ದೇಶ. ಆದರೆ ಆ ಸಮಾಧಾನ ಮಗುವಿನ ಕಿವಿಗೆ ಹೇಗೆ ಬಿತ್ತು ಎನ್ನುವುದು ಆ ವಾರವೇ ಗೊತ್ತಾಯಿತು.

ಮಂಗಳವಾರ ಶಾಲೆಯಿಂದ ಕರೆ ಬಂತು. ಗಂಡ ಹೆಂಡತಿ ಇಬ್ಬರೂ ಹೋದರು. ಲೆಕ್ಕದ ಟೀಚರ್ ಹೆಲನ್ "ಕರಿಬೂ" ಎಂದು ನಗುತ್ತಾ ಸ್ವಾಗತಿಸಿ ಮೂವರನ್ನೂ ಕೂರಿಸಿದರು. ಗಗನಾ ಅಪ್ಪ ಅಮ್ಮನ ನಡುವಿನ ಕುರ್ಚಿಯಲ್ಲಿ ಕೂತಳು.

ಹೆಲನ್ ವಿಷಯವನ್ನು ನೇರವಾಗಿ ಹೇಳಿದರು. ದೊಡ್ಡ ಪರೀಕ್ಷೆಗೆ ಲೆಕ್ಕದಲ್ಲಿ ಎರಡು ಗುಂಪು ಇವೆ. ಕೆಳಗಿನ ಗುಂಪಿನ ಪರೀಕ್ಷೆ ಸುಲಭ. ಆದರೆ ಅಲ್ಲಿ ಎಷ್ಟೇ ಚೆನ್ನಾಗಿ ಬರೆದರೂ ಸಿ ಗ್ರೇಡಿಗಿಂತ ಮೇಲೆ ಸಿಗುವುದಿಲ್ಲ. ಗಗನಾಳ ಮಾರ್ಕ್ಸು ಎರಡರ ಗಡಿಯಲ್ಲಿದೆ. ಮೇಲಿನ ಗುಂಪಿನಲ್ಲಿ ಇನ್ನೊಂದು ಟರ್ಮ್ ಇಟ್ಟು ನೋಡಬಹುದು, ಇಲ್ಲವೇ ಈಗಲೇ ಕೆಳಗೆ ಹಾಕಬಹುದು. ಶುಕ್ರವಾರದೊಳಗೆ ಮನೆಯವರು ತಿಳಿಸಬೇಕು.

ಇಲ್ಲಿ ಇನ್ನೊಂದು ವಿಷಯ ಹೇಳಬೇಕು. ಗಗನಾ ಈಜು ಕಲಿಯಲು ಕಸರಾನಿಗೆ ಹೋಗುತ್ತಿದ್ದಳು. ಆ ವರ್ಷ ಅಲ್ಲಿಗೆ ಹೋಗುವ ಥೀಕಾ ರಸ್ತೆಯನ್ನು ಅಗಲ ಮಾಡಿ ಸೇತುವೆ ಕಟ್ಟಲು ಅಗೆಯುತ್ತಿದ್ದರು. ಧೂಳಿಗೆ ಎಲ್ಲರೂ ಕಿಟಕಿ ಏರಿಸಿದರೆ ಇವಳು ಇಳಿಸಿ ನೋಡುತ್ತಿದ್ದಳು. ತಾನೂ ದೊಡ್ಡವಳಾಗಿ ಸೇತುವೆ ಕಟ್ಟಬೇಕು ಎಂಬ ಆಸೆ. ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಆಸೆಯೇ. ಕೆಳಗಿನ ಗುಂಪಿಗೆ ಬಿದ್ದರೆ ಆ ಆಸೆಗೆ ಅಲ್ಲೇ ತಡೆ ಬೀಳುತ್ತಿತ್ತು.

ಆಗ ನಮ್ಮವರು ಮಾಡುವ ಕೆಲಸವನ್ನೇ ಬಾಲಕೃಷ್ಣ ಮಾಡಿದರು. ಟೀಚರಿಗೆ ಅರ್ಥವಾಗಬಾರದು ಎಂದು ಹೆಂಡತಿಯ ಕಡೆ ವಾಲಿ ಕನ್ನಡಕ್ಕೆ ಇಳಿದರು.

"ಇವಳ ಕೈಲಿ ಆಗಲ್ಲ ಗಿರಿಜಾ. ಸುಮ್ನೆ ಯಾಕೆ ಒದ್ದಾಟ? ಕೆಳಗಿನ ಗುಂಪಿಗೇ ಹಾಕ್ಲಿ ಬಿಡು."

"ಹೂಂ ರೀ. ಹುಟ್ಟಿನಿಂದ ಬರ್ದೇ ಇರೋದನ್ನ ಎಲ್ಲಿಂದ ತರೋದು?"

ಮಗಳ ತಲೆಯ ಮೇಲಿಂದಲೇ ಈ ಮಾತು ನಡೆಯಿತು. ಆ ಕೋಣೆಯಲ್ಲಿ ಕನ್ನಡ ಬಾರದವರು ಹೆಲನ್ ಒಬ್ಬರೇ. ಅವರು ಗಗನಾಳ ಮುಖ ನೋಡಿ ಮೆಲ್ಲಗೆ ಕೇಳಿದರು, "ಏನು ಹೇಳುತ್ತಿದ್ದಾರಮ್ಮಾ?"

"ದೆ ಆರ್ ಸೇಯಿಂಗ್ ಐ ಕಾಂಟ್ ಡೂ ಇಟ್" ಎಂದಳು ಗಗನಾ. ಸ್ವಲ್ಪ ತಡೆದು, "ದೆ ಆಲ್ವೇಸ್ ಸೇ ಇಟ್" ಎಂದಳು. ಅಳಲಿಲ್ಲ. ಶಾಲೆಯ ಗಂಟೆ ಎಷ್ಟು ಹೊತ್ತಿಗೆ ಎಂದು ಹೇಳುವ ಹಾಗೆ ಹೇಳಿದಳು.

ಗಿರಿಜಾ ಅವರಿಗೆ ಎಲ್ಲಿ ಮುಖ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಮನೆಗೆ ಬಂದವರೇ ಸಿಲ್ವಿಯಾ ಟೀಚರಿಗೆ ಫೋನು ಮಾಡಿದರು. "ಒಂದ್ಸಲ ಬನ್ನಿ ಟೀಚರ್. ಅವಳಿಗೆ ಕೇಳಿಸ್ತಿತ್ತು. ಎಲ್ಲಾ ಕೇಳಿಸ್ತಿತ್ತು" ಎಂದರು.

ಮರುದಿನ ಸಂಜೆ ಸಿಲ್ವಿಯಾ ಬಂದರು. ಕಾಫಿ ಕುಡಿಯುವ ಮೊದಲೇ ಬಾಲಕೃಷ್ಣ ವಾದಕ್ಕೆ ನಿಂತರು.

"ಮೇಡಂ, ಬೇಜಾರ್ ಮಾಡ್ಕೋಬೇಡಿ. ನಾನು ಇವಳ ಜೊತೆ ಎರಡು ವರ್ಷದಿಂದ ಕೂರ್ತಿದೀನಿ. ದಿನಾ ಹೇಳ್ಕೊಡ್ತೀನಿ. ಲೆಕ್ಕ ಒಬ್ಬೊಬ್ಬರಿಗೆ ಬರುತ್ತೆ, ಒಬ್ಬೊಬ್ಬರಿಗೆ ಬರಲ್ಲ. ಅಷ್ಟೇ."

"ಹೇಗೆ ಹೇಳಿಕೊಡ್ತೀರಿ ಮಾರಾಯ್ರೆ? ಒಂದು ತೋರಿಸಿ. ನಾನು ಬಾಯಿ ಮುಚ್ಚಿ ಕೂತ್ಕೊಳ್ತೇನೆ."

ಗಗನಾ ಬಂದಳು. ಸಿಲ್ವಿಯಾ ಒಂದು ಹಾಳೆಯ ಮೇಲೆ ಬರೆದರು: 3(x − 4) = 2x + 5.

ಗಗನಾ ಪೆನ್ಸಿಲ್ ಹಿಡಿದು 3x ಎಂದು ಬರೆದಳು. ನಿಂತಳು. ಯೋಚಿಸಿದಳು. −4 ಎಂದು ಬರೆದಳು.

"ಅಯ್ಯೋ ದೇವರೇ, ಅಲ್ಲಲ್ಲ! ಎಷ್ಟು ಸಲ ಹೇಳೋದು? ಕೊಡಿಲ್ಲಿ" ಎಂದು ಬಾಲಕೃಷ್ಣ ಮಗಳ ಕೈಯಿಂದ ಪೆನ್ಸಿಲ್ ಕಿತ್ತುಕೊಂಡರು. ಸರಸರ ಬರೆದರು. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂತು. "ನೋಡಿದ್ಯಾ? ಎಷ್ಟು ಸುಲಭ! ಗೊತ್ತಾಯ್ತಾ?"

"ಯೆಸ್ ಅಪ್ಪಾ" ಎಂದಳು ಗಗನಾ. ಗೊತ್ತಾಗಿರಲಿಲ್ಲ ಎಂದು ಮೇಜಿಗೂ ಗೊತ್ತಿತ್ತು.

ಸಿಲ್ವಿಯಾ ಜೋರಾಗಿ ನಕ್ಕುಬಿಟ್ಟರು. "ಬಾಲಕೃಷ್ಣರೇ, ಎರಡು ವರ್ಷದಲ್ಲಿ ನಿಮಗೆ ಒಳ್ಳೆ ಅಭ್ಯಾಸ ಆಗಿದೆ! ಲೆಕ್ಕ ಮಾಡಿದ್ದು ಪೂರಾ ನೀವೇ ಅಲ್ವಾ?"

ಗಿರಿಜಾ ಕೂಡ ನಕ್ಕರು. ಆಮೇಲೆ ಏನೋ ನೆನಪಾಗಿ ಗಂಡನನ್ನು ದಿಟ್ಟಿಸಿದರು. "ರೀ, ನಂಗೆ ಡ್ರೈವಿಂಗ್ ಕಲಿಸುವಾಗ್ಲೂ ನೀವು ಹೀಗೇ ಮಾಡಿದ್ರಿ. ಆ ರೌಂಡ್‌ಬೌಟಲ್ಲಿ ನಾನು ಕ್ಲಚ್ ಬಿಡೋದ್ರೊಳಗೆ ಸ್ಟೀರಿಂಗ್ ಎಳ್ಕೊಳೋದು, ಕಿರುಚೋದು. ಹಿಂದೆ ಮಟಾಟು ವ್ಯಾನುಗಳ ಹಾರ್ನ್ ಬೇರೆ. ಇದು ನನ್ ಕೈಲಾಗಲ್ಲ ಅಂತ ಕೀಲಿ ಬಿಸಾಕಿದ್ದೆ."

"ಮತ್ತೆ ಈಗ ಓಡಿಸ್ತೀಯಲ್ಲ?"

"ನೀವು ಕಲಿಸೋದು ಬಿಟ್ಟ ಮೇಲೆ ತಾನೇ ಕಲ್ತಿದ್ದು! ಡ್ರೈವಿಂಗ್ ಸ್ಕೂಲಲ್ಲಿ ಗಾಡಿ ಆಫ್ ಆದ್ರೆ ಯಾರೂ ಬೈತಿರ್ಲಿಲ್ಲ. ಯಾಕೆ ಆಫ್ ಆಯ್ತು ಹೇಳಿ ಅಂತ ಕೇಳೋರು. ನಾನೇ ಯೋಚ್ನೆ ಮಾಡಿ ಹೇಳ್ಬೇಕಿತ್ತು."

ಬಾಲಕೃಷ್ಣ ಪೆನ್ಸಿಲನ್ನು ಮೇಜಿನ ಮೇಲಿಟ್ಟರು. ಸಿಲ್ವಿಯಾ ಹೊಸ ಹಾಳೆಯಲ್ಲಿ ಅದೇ ಲೆಕ್ಕ ಬರೆದು ಗಗನಾಳ ಮುಂದಿಟ್ಟು, "ನೀವು ಕೈ ಕಟ್ಟಿ ಕೂತ್ಕೊಳ್ಳಿ" ಎಂದು ಅವರಿಗೆ ಅಪ್ಪಣೆ ಕೊಟ್ಟರು. ಫ್ಯಾಕ್ಟರಿಯಲ್ಲಿ ಹತ್ತಾರು ಜನರಿಗೆ ಅಪ್ಪಣೆ ಕೊಡುವ ಮನುಷ್ಯ ನಿಜವಾಗಿಯೂ ಕೈ ಕಟ್ಟಿ ಕೂತರು.

ಗಗನಾ ಮತ್ತೆ 3x − 4 ಎಂದೇ ಬರೆದಳು. ಕೊನೆಗೆ x ಎಂದರೆ 9 ಎಂದು ಉತ್ತರ ತಂದಳು.

"ಸರಿ ಉಂಟಾ ತಪ್ಪಾ ನಾನು ಹೇಳುವುದಿಲ್ಲ" ಎಂದರು ಸಿಲ್ವಿಯಾ. "x ಇದ್ದ ಕಡೆ 9 ಹಾಕಿ ನೀನೇ ನೋಡು."

ಗಗನಾ ಹಾಕಿ ನೋಡಿದಳು. ಈ ಕಡೆ 15. ಆ ಕಡೆ 23. ಹೊಂದಲಿಲ್ಲ. ಅವಳ ಮುಖ ಬಾಡಿತು. "ಸೀ? ಐ ಆಮ್ ಜಸ್ಟ್ ಸ್ಟುಪಿಡ್" ಎಂದು ಪೆನ್ಸಿಲ್ ದೂರ ತಳ್ಳಿದಳು.

ಆ ಮಾತು ಇಂಗ್ಲಿಷಿನಲ್ಲಿದ್ದರೂ ಅದನ್ನು ಕಲಿಸಿದ್ದು ತನ್ನ ಕನ್ನಡವೇ ಎಂದು ಗಿರಿಜಾ ಅವರಿಗೆ ತಿಳಿಯಿತು.

"ಇಲ್ಲ ಮಗಾ" ಎಂದರು ಸಿಲ್ವಿಯಾ. "ದಡ್ಡರಿಗೆ ತಪ್ಪು ಎಲ್ಲುಂಟು ಅಂತ ಹುಡುಕುವ ಮನಸ್ಸೇ ಬರುವುದಿಲ್ಲ. ನೀನು ಹುಡುಕಿದ್ದೀ. ಈಗ ಕೇಳು. ಮೂರು ಮಟಾಟು ಹೊರಟವು. ಮೂರರಲ್ಲೂ ಅಷ್ಟಷ್ಟೇ ಜನ. ಕಸರಾನಿ ಸ್ಟಾಪಿನಲ್ಲಿ ಒಂದೊಂದರಿಂದ ನಾಲ್ಕು ನಾಲ್ಕು ಜನ ಇಳಿದರು. ಒಟ್ಟು ಎಷ್ಟು ಜನ ಇಳಿದರು?"

"ಟ್ವೆಲ್ವ್" ಎಂದಳು ಗಗನಾ ಥಟ್ಟನೆ.

ಗಗನಾ ಹಾಳೆ ನೋಡಿದಳು. ಬ್ರಾಕೆಟ್ ನೋಡಿದಳು. ತಾನು ಬರೆದ 4 ನೋಡಿದಳು. ಬಾಲಕೃಷ್ಣ ಅವರಿಗೆ ತಡೆಯಲಾಗಲಿಲ್ಲ. ಅಭ್ಯಾಸ ಬಲ. ಕಟ್ಟಿದ ಕೈ ತಾನಾಗಿ ಬಿಚ್ಚಿ ಪೆನ್ಸಿಲಿನ ಮೇಲೆ ಹೋಯಿತು.

"ಅಪ್ಪಾ, ಪೆನ್ಸಿಲ್ ಕೊಡಿ" ಎಂದಳು ಗಗನಾ. "ನಾನೇ ಮಾಡ್ತೀನಿ."

ಕನ್ನಡದಲ್ಲಿ! ಬಾಲಕೃಷ್ಣ ಪೆನ್ಸಿಲ್ ಕೊಟ್ಟರು. ಗಗನಾ 4 ಅನ್ನು ಹೊಡೆದು ಹಾಕಿ 12 ಎಂದು ಬರೆದಳು. ಮುಂದಿನದು ನಿಧಾನವಾಗಿ ಬಂತು. x ಎಂದರೆ 17. ಯಾರೂ ಹೇಳದೆಯೇ ಹಾಕಿ ನೋಡಿದಳು. ಈ ಕಡೆ 39. ಆ ಕಡೆಯೂ 39.

"ಓಹ್!" ಎಂದಳು. ಅಷ್ಟೇ. ಆದರೆ ಆ 'ಓಹ್' ಕೇಳಿ ಗಿರಿಜಾ ಅಡುಗೆಮನೆಗೆ ಹೋಗಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು.

ಬಾಲಕೃಷ್ಣ ಇನ್ನೂ ಪೂರ್ತಿ ಸೋತಿರಲಿಲ್ಲ. "ಇದೊಂದು ಬಂತು, ಸರಿ ಮೇಡಂ. ಹಾಗಂತ ಎಲ್ರೂ ಕ್ಲಾಸಿಗೆ ಫಸ್ಟ್ ಬರ್ತಾರಾ?"

"ಇಲ್ಲ. ನಾನು ಹಾಗೆ ಹೇಳಲೇ ಇಲ್ಲ. ಒಬ್ಬರಿಗೆ ಬೇಗ ಬರ್ತದೆ, ಒಬ್ಬರಿಗೆ ತಡ. ಆದ್ರೆ ಇವತ್ತು ಬಾರದ್ದು ಯಾವತ್ತೂ ಬರುವುದಿಲ್ಲ ಅಂತ ಹೇಳುವ ಅಧಿಕಾರ ನಮಗಿಲ್ಲ. ಅಭ್ಯಾಸ ಮಾಡಿದ ಹಾಗೆ ತಲೆ ಬೆಳೀತದೆ. ಬರೇ 'ಕಷ್ಟಪಡು, ಕಷ್ಟಪಡು' ಅಂದ್ರೂ ಸಾಲದು. ಎಲ್ಲಿ ಸಿಕ್ಕಿಬಿದ್ದಳು ಅಂತ ನೋಡ್ಬೇಕು. ಒಂದು ದಾರೀಲಿ ಆಗದಿದ್ರೆ ಇನ್ನೊಂದು ದಾರಿ ತೋರಿಸ್ಬೇಕು. ಇವಳು ಎರಡು ವರ್ಷದಿಂದ ಒಂದೇ ಬ್ರಾಕೆಟ್ ಹತ್ತಿರ ಎಡವಿದ್ದಾಳೆ. ನಿಮ್ಮ ಕೈ ಬೇಗ, ಹಾಗಾಗಿ ಆ ಜಾಗ ನಿಮಗೆ ಕಾಣ್ಲೇ ಇಲ್ಲ."

ಬಾಲಕೃಷ್ಣ ಮಗಳ ಕಡೆ ತಿರುಗಿ ಕೇಳಿದರು. "ಏನ್ ಮಾಡೋಣ ಪುಟ್ಟಿ? ಮೇಲಿನ ಗುಂಪಲ್ಲೇ ಇರ್ತೀಯಾ?"

"ಐ ವಾಂಟ್ ಟು ಟ್ರೈ" ಎಂದಳು ಗಗನಾ.

ಶುಕ್ರವಾರ ಗಿರಿಜಾ ಹೆಲನ್‌ಗೆ ಫೋನು ಮಾಡಿ ಹೇಳಿದರು. "ಅಸಾಂಟೆ" ಎಂದು ಥ್ಯಾಂಕ್ಸ್ ಹೇಳಿದರು ಹೆಲನ್. "ಪೋಲೆ ಪೋಲೆ, ನಿಧಾನವಾಗಿಯೇ ಹೋಗೋಣ."

ಮಾರನೆಯ ದಿನದಿಂದಲೇ ಗಗನಾ ನೂರಕ್ಕೆ ನೂರು ತೆಗೆದಳು ಎಂದು ಬರೆದರೆ ನೀವು ಈ ಕಥೆಯ ಹಾಳೆಯನ್ನು ಮಡಚಿ ಇಟ್ಟುಬಿಡುತ್ತೀರಿ. ಮೊದಲ ಟೆಸ್ಟಿನಲ್ಲಿ ಮಾರ್ಕ್ಸು ಮೇಲೇರಲೇ ಇಲ್ಲ. ಗಿರಿಜಾ ಅವರ ಬಾಯಿಗೆ ಹಳೆಯ ಮಾತು ಬಂದೇ ಬಂತು. ನಾಲಿಗೆ ಕಚ್ಚಿಕೊಂಡರು. "ಯಾವ್ದು ತಪ್ಪಾಯ್ತು, ನಂಗೂ ತೋರ್ಸು" ಎಂದು ಪಕ್ಕದಲ್ಲಿ ಕೂತರು. ನೋಡಿದರೆ ಬ್ರಾಕೆಟಿನ ಲೆಕ್ಕಗಳು ಎಲ್ಲವೂ ಸರಿ. ತಪ್ಪುಗಳು ಬೇರೆ ಕಡೆಗೆ ಹೋಗಿದ್ದವು. ಅಮ್ಮನಿಗೆ ಅರ್ಥವಾಗಲೆಂದು ಗಗನಾ ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ ವಿವರಿಸಿದಳು. ವಿವರಿಸುವಾಗ ತನ್ನ ತಪ್ಪು ತನಗೇ ಕಂಡಿತು. ಬಾಲಕೃಷ್ಣ ಎದುರಿಗೆ ಕೂತು ಎರಡೂ ಕೈಯಲ್ಲಿ ಕಾಫಿ ಲೋಟ ಹಿಡಿದುಕೊಳ್ಳುತ್ತಿದ್ದರು. ಪೆನ್ಸಿಲಿಗೆ ಕೈ ಹೋಗದಿರಲಿ ಎಂದು ಅವರೇ ಹುಡುಕಿಕೊಂಡ ಉಪಾಯ ಅದು.

ಟರ್ಮ್ ಮುಗಿಯಿತು. ಮತ್ತೆ ಅದೇ ಕೋಣೆ, ಅದೇ ಮೂರು ಕುರ್ಚಿ. ಹೆಲನ್ ಉತ್ತರಪತ್ರಿಕೆಯನ್ನು ಮುಂದಿಟ್ಟರು. ಫಸ್ಟೂ ಅಲ್ಲ, ಸೆಕೆಂಡೂ ಅಲ್ಲ. ಆದರೆ ಮೇಲಿನ ಗುಂಪಿನಲ್ಲಿ ಉಳಿಯಲು ಬೇಕಾದಷ್ಟು ಇತ್ತು, ಅದಕ್ಕಿಂತ ತುಸು ಹೆಚ್ಚೇ ಇತ್ತು.

ಬಾಲಕೃಷ್ಣ ಹಾಳೆ ತಿರುವಿದರು. ಕೊನೆಯ ಲೆಕ್ಕದ ಹತ್ತಿರ ನಿಂತರು. ಹೆಂಡತಿಯ ಕಡೆ ವಾಲಿ ಕನ್ನಡದಲ್ಲಿ ಏನೋ ಹೇಳಿದರು. ಗಿರಿಜಾ ತಲೆಯಾಡಿಸಿದರು.

ಹೆಲನ್ ತುಂಟತನದಿಂದ ಗಗನಾಳನ್ನು ಕೇಳಿದರು, "ಈ ಸಲ ಏನು ಹೇಳುತ್ತಿದ್ದಾರೆ?"

ಗಗನಾ ಅಪ್ಪನ ಮುಖ ನೋಡಿದಳು. ಇಂಗ್ಲಿಷಿನಲ್ಲಿ ಒಂದೊಂದೇ ಮಾತಾಗಿ ಟೀಚರಿಗೆ ಹೇಳಿದಳು: "ಉತ್ತರ ತಪ್ಪಂತೆ. ಆದರೆ ದಾರಿ ಸರಿ ಇದೆಯಂತೆ. ಆ ದಾರಿಯನ್ನು ನಾನೇ ಹುಡುಕಿದ್ದಂತೆ."

ಓದುತ್ತಿರುವ ಅಪ್ಪ ಅಮ್ಮಂದಿರೇ, ನಿಮ್ಮ ಮನೆಯಲ್ಲೂ ಒಬ್ಬ ಗಗನಾ ಇರಬಹುದು. 'ಲೆಕ್ಕ ನಮ್ಮ ವಂಶಕ್ಕೇ ಬರಲ್ಲ' ಎಂಬ ಮಾತನ್ನು ತಮಾಷೆಗೂ ಆಡಬೇಡಿ. ಮಕ್ಕಳ ಲೆಕ್ಕವನ್ನು ನೀವು ಮಾಡಿಕೊಡಬೇಡಿ. ಎಲ್ಲಿ ನಿಂತೆ ಎಂದು ಕೇಳಿ, ಕೇಳಿದ ಮೇಲೆ ಸ್ವಲ್ಪ ಕಾಯಿರಿ. ನಿಮಗೆ ತಿಳಿಯದಿದ್ದರೆ ಟೀಚರನ್ನು ಕೇಳಿ, ಅದರಲ್ಲಿ ನಾಚಿಕೆ ಏನೂ ಇಲ್ಲ. ಜಾಣೆ ಎಂದು ಹೊಗಳುವ ಬದಲು ತಪ್ಪನ್ನು ಹುಡುಕಿದ್ದಕ್ಕೆ ಬೆನ್ನು ತಟ್ಟಿ.

ಇವತ್ತು ಸಂಜೆ ಅಡುಗೆಮನೆಯಲ್ಲಿ ನಿಂತು ಮಕ್ಕಳ ಬಗ್ಗೆ ನೀವು ಏನೋ ಹೇಳುತ್ತೀರಿ. ಮಗು ಪಕ್ಕದ ರೂಮಿನಲ್ಲಿ ಇಂಗ್ಲಿಷ್ ಪುಸ್ತಕ ಹಿಡಿದು ಕೂತಿರುತ್ತದೆ. ಅದಕ್ಕೆ ನಿಮ್ಮ ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ. ನೋಡಿಕೊಂಡು ಮಾತಾಡಿ.