ಮೇಣದಲ್ಲಿಟ್ಟ ಹನ್ನೆರಡು ಎಳೆ

ಈಜು ಕಲಿಸುವ ಮೇಷ್ಟ್ರಿಗೆ ಅರವತ್ತೊಂದು ವರ್ಷ. ರಕ್ತಪರೀಕ್ಷೆಯಲ್ಲಿ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯ ಅಂಕಿ ಏರಿತ್ತೆಂದು ಆ ಗ್ರಂಥಿಗೆ ಸೂಜಿ ಹಾಕಿ ಹನ್ನೆರಡು ಎಳೆ ಮಾಂಸ ತೆಗೆದು ನೋಡಿದ್ದರು. ಕ್ಯಾನ್ಸರ್ ಕಾಣಲಿಲ್ಲ. ಅಂದಿನಿಂದ ಅವರದು ಹಗುರಾದ ಜೀವ. ಮಧ್ಯಾಹ್ನ ಮಕ್ಕಳೆಲ್ಲ ಹೋದ ಮೇಲೆ ಕೊಳದಲ್ಲಿ ಅಂಗಾತ ತೇಲುತ್ತಿದ್ದರು. ಕಿವಿಗೆ ನೀರು ತುಂಬಿ ಲೋಕ ದೂರ ಸರಿಯುತ್ತಿತ್ತು. ಗಾಜಿನ ಛಾವಣಿಯ ಮೇಲೆ ಮೋಡಗಳು ನಡೆದುಹೋಗುತ್ತಿದ್ದವು. ತಮ್ಮ ಮೈ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಎಂದು ಅವರಿಗೇ ತಿಳಿಯುತ್ತಿರಲಿಲ್ಲ.

ಎಂಟು ತಿಂಗಳಿಗೆ ಅಂಕಿ ಮತ್ತೆ ಏರಿತು. ಇನ್ನೊಮ್ಮೆ ಸೂಜಿ ಎಂದರೆ ಮೇಷ್ಟ್ರು ಸುತರಾಂ ಒಪ್ಪಲಿಲ್ಲ.

"ಹಾಗಾದ್ರೆ ಹಳೇ ಎಳೆಗಳನ್ನೇ ಲ್ಯಾಬಿಗೆ ಕಳಿಸೋಣ. ಕೆಡದ ಹಾಗೆ ಮೇಣದಲ್ಲಿ ಇಟ್ಟಿದ್ದೀವಿ," ಎಂದರು ಡಾಕ್ಟರು.

ಆ ಲ್ಯಾಬಿನಲ್ಲಿದ್ದವಳು ಅವರ ಹಳೇ ಶಿಷ್ಯೆ. ಚಿಕ್ಕವಳಿದ್ದಾಗ ನೀರಿಗೆ ಹೆದರಿ ಅವರ ಕುತ್ತಿಗೆಗೆ ಜೋತುಬೀಳುತ್ತಿದ್ದ 'ಕಪ್ಪೆಮರಿ'. ಭಾನುವಾರ ಈಜಲು ಬಂದಾಗ ಮೇಷ್ಟ್ರು ಕೇಳಿದರು:

"ಕ್ಯಾನ್ಸರೇ ಇಲ್ಲದ ತುಂಡಲ್ಲಿ ಏನ್ ಹುಡುಕ್ತೀಯೇ?"

ಅವಳು ಕಾಲನ್ನು ನೀರಿಗೆ ಇಳಿಬಿಟ್ಟಳು. "ಗಡ್ಡೆ ಬೆಳೆಯದ ಹಾಗೆ ಕಾಯೋ ಜೀನ್‌ಗಳಿರ್ತವೆ ಮೇಷ್ಟ್ರೇ. ಅವುಗಳ ಮೇಲೆ ಮಿಥೈಲ್ ಅನ್ನೋ ಸಣ್ಣ ಗುರುತು ಅಂಟಿಕೊಂಡ್ರೆ ಅವುಗಳ ಬಾಯಿ ಕಟ್ಟಿದ ಹಾಗೆ. ಸೂಜಿ ಕ್ಯಾನ್ಸರಿನ ಪಕ್ಕದಲ್ಲೇ ಹಾದುಹೋಗಿದ್ರೂ, ಸುತ್ತಲಿನ ಜೀವಕೋಶಗಳಲ್ಲಿ ಆ ಗುರುತು ಸಿಗಬಹುದು."

"ಸಿಗದಿದ್ರೆ?"

"ಇನ್ನೊಂದು ಸೂಜಿ ತಪ್ಪಬಹುದು. ಪೂರಾ ಗ್ಯಾರಂಟಿ ಇಲ್ಲ."

"ನನ್ನದು ಬಂದ್ರೆ ಸ್ವಲ್ಪ ಚೆನ್ನಾಗಿ ನೋಡಮ್ಮ."

"ನಮಗೆ ನಂಬರ್ ಮಾತ್ರ ಕಾಣೋದು. ಎಲ್ಲಾನೂ ನಿಮ್ಮದೇ ಅಂದ್ಕೊಂಡು ನೋಡ್ತೀನಿ, ಬಿಡಿ."

ವರದಿಗೆ ಕಾದ ಎರಡು ವಾರ ಮೇಷ್ಟ್ರಿಗೆ ಎಚ್ಚರವೂ ಅರೆನಿದ್ದೆಯಂತಿತ್ತು. ಕಣ್ಣು ಮುಚ್ಚಿದರೆ ಸಾಕು, ನೀರಡಿಯ ಪಾಚಿಯಂತೆ ಹನ್ನೆರಡು ಬಿಳಿ ಎಳೆಗಳು ಮೆಲ್ಲಗೆ ತೂಗುತ್ತಿದ್ದವು.

ಫಲಿತಾಂಶ ಬಂತು. ಎರಡು ಎಳೆಗಳಲ್ಲಿ ಗುರುತಿತ್ತು. ಎರಡೂ ಗ್ರಂಥಿಯ ಎಡಗಡೆಯವು. ಇನ್ನೊಂದು ಸೂಜಿ ತಪ್ಪಲಿಲ್ಲ.

"ರೀ, ದಿನಾ ಮಕ್ಕಳನ್ನ ನೀರಿಗೆ ತಳ್ತೀರಿ. ಒಂದು ಸೂಜಿಗೆ ಹೀಗಾ?" ಎಂದಳು ಹೆಂಡತಿ. ನಗುತ್ತಲೇ ಅಂದವಳು ತಾನೇ ಅವರ ಚಪ್ಪಲಿ ತಂದಿಟ್ಟಳು. ಅವಳ ಕೈ ಹಿಡಿದೇ ಅವರು ಆಸ್ಪತ್ರೆಯ ಮೆಟ್ಟಿಲು ಹತ್ತಿದರು.

ಈ ಸಲ ಎಡಗಡೆ ಹೆಚ್ಚು ಹುಡುಕಿದರು. ಗ್ರಂಥಿಯಿಂದಾಚೆ ಇನ್ನೂ ಹೋಗದ ಸಣ್ಣ ಕ್ಯಾನ್ಸರ್ ಸಿಕ್ಕಿತು. ಆಪರೇಷನ್ ಮಾಡಿ ಗ್ರಂಥಿಯನ್ನೇ ತೆಗೆದರು. ಕೆಲವು ತಿಂಗಳು ಮೂತ್ರ ಹಿಡಿತಕ್ಕೆ ಸಿಗಲಿಲ್ಲ. ನಾಚಿಕೆಯಲ್ಲಿ ಮೇಷ್ಟ್ರು ಮನೆ ಬಿಟ್ಟು ಹೊರಬರಲಿಲ್ಲ. ಆಮೇಲೆ ಅದೂ ಹದಕ್ಕೆ ಬಂತು. ರಕ್ತದಲ್ಲಿನ ಅಂಕಿ ಸೊನ್ನೆಯ ಹತ್ತಿರ ನಿಂತಿತು.

ಆ ವರದಿ ಬಂದ ಸಂಜೆ ಮೇಷ್ಟ್ರು ಬೇರೆ ಊರಿನಲ್ಲಿದ್ದ ತಮ್ಮನಿಗೆ ಫೋನ್ ಮಾಡಿದರು. ಇಂಥ ವಿಷಯ ಅಣ್ಣತಮ್ಮಂದಿರು ಎಂದೂ ಆಡಿದವರಲ್ಲ. ಹವಾಮಾನದಿಂದ ಶುರುಮಾಡಿ, ಕೆಮ್ಮಿ, ಕೊನೆಗೆ ಎಲ್ಲ ಹೇಳಿಬಿಟ್ಟರು.

"ಒಬ್ಬನಿಗೆ ಬಂದ್ರೆ ಒಡಹುಟ್ಟಿದವ್ರಿಗೂ ಬರೋ ಸಾಧ್ಯತೆ ಹೆಚ್ಚಂತೆ. ನೀನೂ ಒಂದ್ಸಲ ರಕ್ತ ಪರೀಕ್ಷೆ ಮಾಡಿಸೋ."

ಆ ಕಡೆ ಟಿವಿ ಆರಿಸಿದ ಸದ್ದು ಕೇಳಿಸಿತು.

"ಒಬ್ಬನೇ ಹೋಗೋಕೆ ಭಯ ಆಗತ್ತೆ ಕಣೋ ಅಣ್ಣ," ಎಂದ ತಮ್ಮ. "ನೀನು ಬರ್ತೀಯಾ?"

ಮೇಷ್ಟ್ರು ಮರುದಿನದ ಮೊದಲ ಬಸ್ಸು ಹಿಡಿದರು.