ಹುಚ್ಚರಾಗೋ ಕೂಲಿ

"ಮುಕಳ್ಯಾಗ ಮುಳ್ಳು ಅದಾವೇನಲೇ ನಿಮ್ಗ? ಮಂಚದ ಮ್ಯಾಲ ಕುಂದರ್ರಿ ಅಂದ್ರ ಮತ್ತ ನೆಲಕ್ಕ ಕುಂದರ್ತೀರಲ್ಲ, ಬೋಸುಡೇರಾ!"

ಮೇಸ್ತ್ರಿ ಯರ್ರೆಪ್ಪ ದೊಡ್ಡ ಹಾಲ್‌ನ ಬಾಗಿಲಲ್ಲಿ ನಿಂತು ಅರಚುತ್ತಿದ್ದ. ಹೊಸ ಚಾದರ ಹಾಸಿದ ಕಬ್ಬಿಣದ ಮಂಚಗಳು ಗೋಡೆಗುಂಟ ಸಾಲಾಗಿದ್ದವು. ಕೇರಿಯ ಹೆಣ್ಣಾಳುಗಳು ಒಂದೊಂದು ಮಂಚದ ಬುಡದಲ್ಲಿ ಮುದುರಿ ಕೂತಿದ್ದರು. ಬೈಸಿಕೊಂಡಾಗ ಎದ್ದು ಮಂಚದ ಅಂಚಿಗೆ ಒಂಚೂರು ಕುಂಡೆ ತಾಗಿಸುತ್ತಿದ್ದರು. ಪಂಚಾಕ್ಷರಪ್ಪ ಧಣಿ ಒಳಗೆ ಕಾಲಿಟ್ಟರೆ ಸಾಕು, ಯಾರೂ ಹೇಳದೆ ಮತ್ತೆ ಜಾರಿ ನೆಲಕ್ಕೆ ಬರುತ್ತಿದ್ದರು. ಧಣಿಯ ಎದುರು ಮಂಚದ ಮೇಲೆ ಕೂತು ಅವರಿಗೆ ರೂಢಿಯಿರಲಿಲ್ಲ. ಅವರ ಅವ್ವಂದಿರಿಗೂ ಇರಲಿಲ್ಲ.

"ಕಳೆ ಕೀಳಾಕ ಹೇಳು ಯರ್ರೆಪ್ಪಣ್ಣ, ದಿನಪೂರ್ತಿ ಬಗ್ತೀವಿ. ಇದೇನ್ ಹಚ್ಚೀಯಪ ನಮಗ," ಎಂದಳು ಬೊಮ್ಮಮ್ಮ.

"ಹುಚ್ಚರಾಗಾಕ ಏನ್ ಕಷ್ಟ ನಿಂಗ? ನಿನ್ ಗಂಡನ್ ಕೇಳಿದ್ರ ಹೇಳ್ತಾನ, ಹುಟ್ಟಾ ಹುಚ್ಚಿ ನೀನು."

"ಅವ್ನು ಶಾಣ್ಯಾ ಆಗಿದ್ರ ನಾ ಯಾಕ ನಿನ್ ಬಾಯಾಗ ಬೀಳ್ತಿದ್ನಿ?"

ಹೆಂಗಸರೆಲ್ಲ ಹೋ ಎಂದು ನಕ್ಕರು. ಯರ್ರೆಪ್ಪ ಕೈ ತಟ್ಟಿದ. "ಹಾಂ, ಇದ, ಇದ ಬೇಕು! ಮೇಡಂ ಏನ್ ಕೇಳಿದ್ರೂ ಹಿಂಗ ನಗಬೇಕು. ಬಾಯಿ ಬಿಟ್ಟು ಮಾತಾಡಿದ್ರ ಹಲ್ಲು ಉದುರಸ್ತೀನಿ."

ಅದು ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗುವ ದಾರಿಯಲ್ಲಿ, ಊರು ದಾಟಿದ ಮೇಲೆ ಸಿಗುವ ಕಂಪೌಂಡು. ಮೊದಲು ಅಲ್ಲಿ ಶೇಂಗಾ ಮಿಲ್ಲಿತ್ತು. ಮಿಲ್ಲು ನಿಂತ ಮೇಲೆ ಪಂಚಾಕ್ಷರಪ್ಪ ಗೋಡೆಗೆ ಬಣ್ಣ ಬಳಿಸಿ, ಬುದ್ಧಿ ಬೆಳೆಯದವರಿಗೂ ಮನಸ್ಸು ಕೆಟ್ಟವರಿಗೂ ಆಶ್ರಮ ಎಂದು ಬೋರ್ಡು ಹಾಕಿಸಿದ. ಸರ್ಕಾರದ ಅನುದಾನ ಬಂತು. ಅನುದಾನದ ಹಿಂದೆ ವರ್ಷಕ್ಕೊಂದು ತಪಾಸಣೆಯೂ ಬಂತು. ನಿಜವಾಗಿ ಅಲ್ಲಿದ್ದವರು ಯಾರಿಗೂ ತೋರಿಸುವ ಸ್ಥಿತಿಯಲ್ಲಿರಲಿಲ್ಲ. ಅದಕ್ಕೇ ಆ ದಿನ ಅವರೆಲ್ಲ ಹಿಂದಿನ ಶೆಡ್ಡಿಗೆ, ಯರ್ರೆಪ್ಪನ ಕಳೆ ಕೀಳುವ ಗುಂಪು ಟ್ರ್ಯಾಕ್ಟರಿನಲ್ಲಿ ಮುಂದಿನ ಹಾಲಿಗೆ. ಗಂಡಾಳುಗಳು ಪಕ್ಕದ ಕೋಣೆಗೆ. ಬಂದವರ ಸೀರೆ ಬಿಚ್ಚಿಸಿ ಗಂಟು ಕಟ್ಟಿಟ್ಟು ಎಲ್ಲರಿಗೂ ಒಂದೇ ಬಣ್ಣದ ನೈಟಿ ಕೊಡುತ್ತಿದ್ದರು.

ಉಳಿದವರು ಬಂದಿದ್ದು ಕೂಲಿಗೆ. ಅಂಜಿನಕ್ಕ ಬಂದಿದ್ದು ತಮ್ಮನನ್ನು ನೋಡಲು.

ಪಾಲಾಕ್ಷ ಆಳೆತ್ತರ ಬೆಳೆದಿದ್ದ. ಬುದ್ಧಿ ಮಾತ್ರ ಅಂಗಳದಲ್ಲಿ ಮಣ್ಣಾಡುವ ಕೂಸಿನದು. ಮಾತು ಬಾರದು, ಹಸಿದರೂ ಹೂಂ, ಉಂಡರೂ ಹೂಂ. ಅವ್ವ ಸತ್ತ ಮೇಲೆ ಅಂಜಿನಕ್ಕ ಕೂಲಿಗೆ ಹೋಗುವಾಗ ಅವನ ಸೊಂಟಕ್ಕೆ ಹಗ್ಗ ಹಾಕಿ ಬಾಗಿಲ ಕಂಬಕ್ಕೆ ಕಟ್ಟಿ ಹೋಗುತ್ತಿದ್ದಳು. ಒಂದಿನ ಹಗ್ಗ ಹರಿದುಕೊಂಡು ಹೈವೇಗೆ ಹೋದ. ಲಾರಿಯವರು ಕಳ್ಳನೆಂದು ಮೈ ಬಾಯುವಂತೆ ಬಡಿದು ಕಳಿಸಿದರು. ಆಮೇಲೆ ಪಂಚಾಕ್ಷರಪ್ಪ ತಾನೇ ಕೇರಿಗೆ ಬಂದಿದ್ದ. "ಹಗ್ಗ ಹಾಕಬಾರ್ದವ್ವಾ, ಪಾಪ ಬರ್ತತಿ. ನಮ್ಮಲ್ಲಿ ಬಿಡು. ಹೊತ್ತಿಗೆ ಊಟ, ಮಲಗಾಕ ಮಂಚ," ಎಂದಿದ್ದ. ಅವಳು ಹೆಬ್ಬೆಟ್ಟು ಒತ್ತಿದಳು. ಬಿಟ್ಟು ಬಂದ ಮೇಲೆ ಎಷ್ಟು ಸಲ ಗೇಟಿಗೆ ಬಂದರೂ ಕಾವಲುಗಾರನ ಮಾತು ಒಂದೇ: ಮನೆಯವರನ್ನು ಕಂಡರೆ ಅವರು ರಂಪ ಮಾಡುತ್ತಾರೆ, ದೀಪಾವಳಿ ಕಳೆದು ಬಾ. ದೀಪಾವಳಿಗೆ ಹೋದರೆ ಯುಗಾದಿ ಎಂದ. ಯರ್ರೆಪ್ಪ ಈ ಕೂಲಿಗೆ ಆಳು ಕೂಡಿಸುತ್ತಿದ್ದಾನೆಂದು ಕೇಳಿದಾಗ ಅವಳು ಎಲ್ಲರಿಗಿಂತ ಮೊದಲು ಟ್ರ್ಯಾಕ್ಟರು ಹತ್ತಿದ್ದಳು. ಯಾಕೆಂದು ಬೊಮ್ಮಮ್ಮನಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ.

ಬೆಳಿಗ್ಗೆ ನೈಟಿ ಹಾಕಿಕೊಳ್ಳುವಾಗ ಹಿತ್ತಲಿನ ಶೆಡ್ಡಿನ ಕಡೆಯಿಂದ ಯಾರೋ ನರಳಿದ ದನಿ ಬಂದಿತ್ತು. ಅವಳು ಅಲ್ಲೇ ನಿಂತಳು.

"ಅಣ್ಣಾ, ಅಲ್ಲೇನೈತಿ?" ಎಂದು ಕಾವಲುಗಾರನನ್ನು ಕೇಳಿದಳು.

"ಎಮ್ಮಿ ಅದಾವ."

"ಎಮ್ಮಿಗೆ ಬೀಗ ಹಾಕ್ತಾರೇನು?"

"ನಿನ್ ಬಾಯಿಗೂ ಹಾಕ್ತಾರ. ನಡಿ ಒಳಗ."

ಪಂಚಾಕ್ಷರಪ್ಪನ ಸೊಂಟದ ಹೊಸ ಮೊಬೈಲು ಚೀರಿತು. ಮೇಡಂ ಊರು ದಾಟಿದರಂತೆ ಎಂದು ಅವನು ಯರ್ರೆಪ್ಪನಿಗೆ ಹೇಳಿದ. ಸ್ವಲ್ಪ ಹೊತ್ತಿಗೆ ಜೀಪು ಒಳಗೆ ಬಂತು. ಜಿಲ್ಲಾ ಆಫೀಸಿನ ಸುಮಲತಾ ಮೇಡಂ ಹೊಸ್ತಿಲಿಗೆ ಬಂದದ್ದೇ ತಡ, ಹೆಣ್ಣಾಳುಗಳೆಲ್ಲ ದಡಬಡ ಎದ್ದು ನಿಂತು ಕೈ ಮುಗಿದರು. ಮುಗಿದ ಕೈಗಳು ಹಾಗೆಯೇ ತಲೆಗೆ ಹೋಗಿ, ಅಲ್ಲಿ ಇಲ್ಲದ ಸೆರಗನ್ನು ಹುಡುಕಿದವು.

ಬಾಗಿಲ ಮರೆಯಲ್ಲಿ ಯರ್ರೆಪ್ಪ ಹಲ್ಲು ಕಡಿದ. ಪಂಚಾಕ್ಷರಪ್ಪ ಮಾತ್ರ ನಕ್ಕ.

"ನೋಡ್ರಿ ಮೇಡಂ. ಬಂದಾಗ ಇವ್ರಿಗೆ ನೆಟ್ಟಗ ನಿಂದರಾಕೂ ಬರ್ತಿರ್ಲಿಲ್ಲ. ಎಲ್ಲಾ ಕಲಿಸೇವಿ."

ಸುಮಲತಾ ಮೇಡಂ ಕೆಟ್ಟವಳಲ್ಲ. ಅಡಿಗೆಮನೆಗೆ ಹೋಗಿ ಸಾರಿನ ರುಚಿ ನೋಡಿದಳು. ಪಾಯಖಾನೆಯ ಬಾಗಿಲು ತೆಗೆಸಿದಳು. ಹಾಸಿಗೆ ಒತ್ತಿ ನೋಡಿದಳು. ಆಮೇಲೆ ಕುರ್ಚಿ ಬೇಡವೆಂದು ಒಬ್ಬೊಬ್ಬರ ಪಕ್ಕದಲ್ಲಿ ಮಂಚದ ಮೇಲೇ ಕೂತು ಮಾತಾಡಿಸುತ್ತ ಬಂದಳು. ಊಟ ಹೇಗಿರುತ್ತಮ್ಮ? ಹೆಂಗಸರು ನಕ್ಕರು. ಯಾರಾದರೂ ಹೊಡೆಯುತ್ತಾರಾ? ನಕ್ಕರು.

ಅಂಜಿನಕ್ಕನೂ ನಗಬೇಕೆಂದೇ ಇದ್ದಳು. ತಪಾಸಣೆ ಮುಗಿದು ಗದ್ದಲ ಕಡಿಮೆಯಾದ ಮೇಲೆ ಮೆಲ್ಲಗೆ ಹಿತ್ತಲಿಗೆ ಹೋಗಿ ತಮ್ಮನ ಮುಖ ನೋಡಿ ಬರುವುದು, ಅಷ್ಟೇ ಅವಳ ಲೆಕ್ಕ. ಆದರೆ ಮೇಡಂ ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡಳು. ಗಡಿಯಾರ ಕಟ್ಟಿದ ಕೈ ಒಂದು ಹಾಗೆ ತನ್ನ ಕೈ ಹಿಡಿದದ್ದು ಅವಳ ಜನ್ಮದಲ್ಲಿ ಅದೇ ಮೊದಲು. ಬಾಯಿ ತಾನಾಗಿ ತೆರೆಯಿತು.

"ಮೇಡಮ್ಮಾರ, ನಾ ಹುಚ್ಚಿ ಅಲ್ರಿ."

"ಅಲ್ಲಮ್ಮ, ಅಲ್ಲ. ಹಾಗೆ ಯಾರೂ ಅನ್ನಬಾರದು. ಇಲ್ಲಿ ಯಾರಾದ್ರೂ ನಿನ್ನ ಹುಚ್ಚಿ ಅಂತಾರಾ?"

"ಅನ್ನಾದಲ್ರಿ. ಕೂಲಿಗೆ ಕರ್ಕಂಡು ಬಂದಾರ್ರಿ ನಮ್ನ. ಇವ್ರೆಲ್ಲಾ ನಮ್ಮ ಕೇರಿಯಾರು. ಖರೇ ಇರೋರ್ನ ಹಿಂದ ಶೆಡ್ಡಿನ್ಯಾಗ ಹಾಕ್ಯಾರ್ರಿ. ನನ್ ತಮ್ಮ ಅದಾನ್ರಿ ಅಲ್ಲಿ. ಪಾಲಾಕ್ಷ."

ಪಂಚಾಕ್ಷರಪ್ಪ ಒಂದು ಗಳಿಗೆ ಅವಳ ಮುಖವನ್ನೇ ನೋಡಿದ. ಆಮೇಲೆ ನಿಟ್ಟುಸಿರುಬಿಟ್ಟು, ದನಿ ತಗ್ಗಿಸಿ ಮೇಡಂಗೆ ಹೇಳಿದ:

"ದಿನಾ ಇದ ಮಾತು ಮೇಡಂ. ತಮ್ಮ ತೀರಿಕೊಂಡಾಗಿಂದ ಹಿಂಗ ಆಗ್ಯಾಳ. ಅವ ಸತ್ತಾನ ಅನ್ನೋದು ಮನಸ್ಸಿಗೆ ಹೋಗವಲ್ದು."

"ಸತ್ತಾನಾ?" ಅಂಜಿನಕ್ಕ ಎದ್ದು ನಿಂತಳು. "ಯಾವಾಗ ಸತ್ತ? ಏ ಧಣಿ, ಯಾವಾಗ ಸತ್ತ ನನ್ ತಮ್ಮ?"

"ನೋಡಿದ್ರಾ," ಎಂದ ಪಂಚಾಕ್ಷರಪ್ಪ.

"ಸುಳ್ರಿ ಮೇಡಮ್ಮಾರ! ನನ್ ಕೈ ನೋಡ್ರಿ, ಕಳೆ ಕೀಳೋ ಕುರುಪಿ ಹಿಡದ ಕೈರಿ ಇದು. ಹುಚ್ಚರ ಕೈ ಹಿಂಗ ಇರ್ತತೇನ್ರಿ?"

ಮೇಡಂ ಅಂಗೈಯ ಜಡ್ಡನ್ನು ಬೆರಳಿಂದ ಮುಟ್ಟಿ ನೋಡಿದಳು.

"ತೋಟದಾಗ ಒಂದೀಟು ಕೆಲಸ ಕೊಡ್ತೀವ್ರಿ. ಮನಸ್ಸು ಹಗುರಾಗ್ತತಿ ಅಂತ ಡಾಕ್ಟರು ಹೇಳ್ಯಾರ," ಎಂದ ಪಂಚಾಕ್ಷರಪ್ಪ.

"ತುಂಬಾ ಒಳ್ಳೇದು," ಎಂದಳು ಮೇಡಂ.

ಅಂಜಿನಕ್ಕ ಗೆಳತಿಯ ಕಡೆ ತಿರುಗಿದಳು. "ಬೊಮ್ಮೀ, ನೀನರ ಹೇಳ. ನಿನ್ನೆ ನಾವಿಬ್ರೂ ಎಲ್ಲಿದ್ವಿ? ಯಾರ ಹೊಲದಾಗ ಬುತ್ತಿ ಉಂಡ್ವಿ? ಹೇಳ ನಮ್ಮವ್ವ!"

ಬೊಮ್ಮಮ್ಮ ಬಾಗಿಲ ಕಡೆ ನೋಡಿದಳು. ಯರ್ರೆಪ್ಪ ಅಲ್ಲಿ ಸುಮ್ಮನೆ ಮೀಸೆ ಸವರುತ್ತ ನಿಂತಿದ್ದ. ಆಮೇಲೆ ಅವಳು ನಕ್ಕಳು. ಕಲಿಸಿದ ಹಾಗೆಯೇ, ಹಲ್ಲು ಕಾಣುವಂತೆ. ಅವಳು ನಕ್ಕದ್ದು ಕಂಡು ಸಾಲಿನಲ್ಲಿದ್ದ ಉಳಿದವರೂ ನಕ್ಕರು.

"ಏನೇ ಆಗಲಿ, ಆ ಶೆಡ್ ಒಂದ್ಸಲ ನೋಡಿಬಿಡೋಣ," ಎಂದಳು ಮೇಡಂ.

"ಬರ್ರಿ, ಈಗ್ಲೇ ತೆಗಸ್ತೀನಿ. ಒಂದ ಮಾತು. ಬೀಜದ ಶೇಂಗಾ ತುಂಬೇತ್ರಿ, ನಿನ್ನೆ ಹುಳ ಸಾಯಾಕ ಮಾತ್ರಿ ಇಟ್ಟಾರ. ಬಾಗಲಾ ತೆಗದ್ರ ಆ ಗ್ಯಾಸು ಎದಿಗೆ ಬಡಿತತಿ. ನೀವು ಕರ್ಚೀಪು ಮೂಗಿಗೆ ಹಿಡಕಂಡ್ರ ಆತು."

"ಮುಂಜಾಲೆ ಎಮ್ಮಿ ಅಂದ್ರು! ಈಗ ಶೇಂಗಾ ಆತು! ಎಮ್ಮಿ ಎಲ್ಲಿ ಹೋದ್ವಲೇ ಕಳ್ಳ ಸೂಳಿಮಕ್ಕಳ್ರಾ!" ಎಂದು ಅಂಜಿನಕ್ಕ ಕೂಗಿದಳು.

ಎಮ್ಮೆ ಎಂಬ ಮಾತು ಕೇಳಿ ಮೇಡಂ ಕಣ್ಣಲ್ಲಿ ಉಳಿದಿದ್ದ ಒಂಚೂರು ಅನುಮಾನವೂ ಹೋಯಿತು. ಗಡಿಯಾರ ನೋಡಿಕೊಂಡಳು. ಹರಪನಹಳ್ಳಿಯಲ್ಲಿ ಇನ್ನೊಂದು ತಪಾಸಣೆ ಇತ್ತು. ಎದ್ದು ಅಂಜಿನಕ್ಕನ ತಲೆ ಸವರಿದಳು.

"ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡಿಸಿ, ಪಂಚಾಕ್ಷರಪ್ಪನವರೇ. ಆದ್ರೂ ನೋಡಿ, ನಿಮ್ಮೆದುರಿಗೇ ಹೇಗೆ ಧೈರ್ಯವಾಗಿ ಮಾತಾಡ್ತಾಳೆ. ಎಷ್ಟೋ ಕಡೆ ಬಾಯೇ ಬಿಡೋದಿಲ್ಲ. ಇಲ್ಲಿ ಭಯ ಇಲ್ಲ ಅಂತಾಯ್ತು."

ಜೀಪು ಗೇಟು ದಾಟುವ ತನಕ ಯರ್ರೆಪ್ಪ ತಡೆದುಕೊಂಡಿದ್ದ. ಆಮೇಲೆ ಬಂದು ಅಂಜಿನಕ್ಕನ ಕಪಾಳಕ್ಕೆ ಬಾರಿಸಿದ. "ಹಾದರಗಿತ್ತಿ! ಎಲ್ಲಾರ ಅನ್ನಕ್ಕ ಮಣ್ಣು ಹಾಕಾಕ ಬಂದಿದ್ದೇನಲೇ?"

ಅವಳಿಗೆ ಪೆಟ್ಟಿನ ಗಮನವಿರಲಿಲ್ಲ. ಪಂಚಾಕ್ಷರಪ್ಪನ ಹಿಂದೆ ಓಡಿ ಅವನ ದಾರಿಗೆ ಅಡ್ಡ ಕೂತಳು.

"ಧಣೀ, ನಿಮ್ ಕಾಲಿಗೆ ಬೀಳ್ತೀನಿ. ಒಂದ ಮಾತು ಹೇಳ್ರಿ. ಅದಾನೋ ಇಲ್ಲೋ?"

"ಮೇಡಂ ಮುಂದ ಹೇಳಿದ್ನಲ್ಲ."

"ಅದು ಮೇಡಮ್ಮಗ ಹೇಳಿದ್ದು. ಖರೇನೋ ಸುಳ್ಳೋ, ನನಗ ಹೇಳ್ರಿ."

ಪಂಚಾಕ್ಷರಪ್ಪ ಅವಳನ್ನು ಬಳಸಿಕೊಂಡು ಆಚೆ ನಡೆದ. "ಯರ್ರೆಪ್ಪ, ಇಂಥಾ ತಲಿಕೆಟ್ಟಾರ್ನೆಲ್ಲಾ ಯಾಕ ಕರ್ಕಂಡ್ ಬರ್ತೀಪಾ," ಎಂದಷ್ಟೇ ಹೇಳಿ ಕಾರು ಹತ್ತಿದ.

ಬೊಮ್ಮಮ್ಮ ಸೀರೆಯ ಗಂಟು ಹಿಡಿದು ಬಂದಳು. ಗೆಳತಿಯ ಮುಖ ನೋಡಲಿಲ್ಲ. "ಬಾರೇ, ಉಟ್ಗ. ನಾಳಿ ಮೇಸ್ತ್ರಿ ಕರೀಲಿಲ್ಲ ಅಂದ್ರ ಒಲಿ ಹೆಂಗ ಹಚ್ಚಾನಿ, ನೀನ ಹೇಳು."

ಅಂಜಿನಕ್ಕ ಗಂಟು ತೆಗೆದುಕೊಳ್ಳಲಿಲ್ಲ. ನೈಟಿಯಲ್ಲೇ ಹಿತ್ತಲಿಗೆ ಓಡಿದಳು.

ಶೆಡ್ಡಿನ ತಗಡಿನ ಬಾಗಿಲಿಗೆ ಬೀಗವಿತ್ತು. ಬಾಗಿಲ ಕೆಳಗೆ ನೆಲ ಸವೆದು ಒಂದು ಸಂದಿಯಾಗಿತ್ತು. ಬೋರಲು ಬಿದ್ದು ಸಂದಿಗೆ ಬಾಯಿಟ್ಟಳು. ಉಚ್ಚೆ, ಕೊಳೆತ ಗಾಯದ ನಾತ ಮುಖಕ್ಕೆ ಬಡಿಯಿತು. ಒಳಗೆ ಕತ್ತಲೆ.

"ಪಾಲಾಕ್ಷಾ! ನಾನಲೇ, ಅಕ್ಕ! ಹೂಂ ಅನ್ನಲೇ!"

ಒಳಗಿನ ದನಿಗಳು ನಿಂತವು. ಸರಪಳಿ ಕದಲಿತು. ಆಮೇಲೆ ಒಬ್ಬರು ಹೂಂ ಅಂದರು. ಇನ್ನೊಬ್ಬರೂ ಅಂದರು. ಕತ್ತಲೆಯ ತುಂಬ ಎಲ್ಲರೂ ಹೂಂ, ಹೂಂ ಎನ್ನತೊಡಗಿದರು. ಅದರಲ್ಲಿ ಯಾವುದು ಅವನದೆಂದು ಅವಳಿಗೆ ಗೊತ್ತಾಗಲಿಲ್ಲ.

ಸಂದಿಯಿಂದ ಒಂದು ಕೈ ಹೊರಗೆ ಬಂತು. ಪಾಲಾಕ್ಷನದು ದುಂಡಗಿನ, ಮೈಕೈ ತುಂಬಿದವರ ಕೈ. ಇದು ಬರೀ ಎಲುಬು. ಉಗುರಿನ ತುಂಬ ಮಣ್ಣು. ಗಂಡಿನದೋ ಹೆಣ್ಣಿನದೋ ತಿಳಿಯುವಂತಿರಲಿಲ್ಲ. ಅಂಜಿನಕ್ಕ ಅದನ್ನು ಎರಡೂ ಕೈಯಲ್ಲಿ ಹಿಡಿದಳು. ಅದೂ ಹಿಡಿಯಿತು.

ಆಚೆ ಟ್ರ್ಯಾಕ್ಟರು ಹಾರ್ನು ಹೊಡೆಯಿತು. ಯರ್ರೆಪ್ಪನೂ ಕಾವಲುಗಾರನೂ ಓಡಿ ಬಂದು ಅವಳ ಎರಡು ಕಾಲು ಹಿಡಿದು ಎಳೆದರು.

"ಬಿಡಲೇ ಕೈ! ಬಿಡ್ತೀಯೋ ಇಲ್ಲೋ!"

ಅವಳ ಮೈ ಮಣ್ಣಿನ ಮೇಲೆ ಜಾರಿತು. ಒಳಗಿನ ಕೈ ಮೊಳಕೈಯ ತನಕ ಹೊರಗೆ ಬಂತು, ಆಮೇಲೆ ತೋಳಿನ ತನಕ. ಭುಜ ತಗಡಿಗೆ ಬಡಿದು ಸಿಕ್ಕಿಕೊಂಡಿತು. ಅವರು ಎಳೆಯುತ್ತಲೇ ಇದ್ದರು. ಅಂಜಿನಕ್ಕ ಬಿಡಲಿಲ್ಲ. ಒಳಗಿದ್ದವರೂ ಬಿಡಲಿಲ್ಲ.